ಹತ್ತೊಂಬತ್ತನೆಯ ಫ್ಲಾಪಿ

ಅಂದಪ್ಪನಿಗೆ ಯಾರನ್ನೂ ಪ್ರಶ್ನೆ ಕೇಳುವ ಅಧಿಕಾರವಿರಲಿಲ್ಲ.

ಅವನ ಚೀಲದಲ್ಲಿದ್ದದ್ದು ಒಂದು ಸ್ಕ್ರೂ ಡ್ರೈವರ್, ದೂಳು ಹೊಡೆಯುವ ಒಂದು ಬ್ರಷ್, ನಾಲ್ಕು ಫ್ಲಾಪಿ ಮತ್ತು ಕಲ್ಲಿನ ಕಂಪನಿಯವರು ಬಾಗಲಕೋಟೆಯಲ್ಲಿ ಕೊಟ್ಟ ಅರ್ಧ ಹಾಳೆಯ ಪತ್ರ. 'ಸದರಿಯವರು ನಮ್ಮ ಶಾಖೆಗಳ ಕಂಪ್ಯೂಟರುಗಳ ದಾಸ್ತಾನು ಬರೆದುಕೊಳ್ಳಲು ಬಂದಿರುತ್ತಾರೆ. ಸಹಕರಿಸುವುದು.' ಸತ್ತವರ ಬಗ್ಗೆ, ಜೈಲಿನಲ್ಲಿದ್ದವನ ಬಗ್ಗೆ ಪತ್ರದಲ್ಲಿ ಒಂದಕ್ಷರವೂ ಇರಲಿಲ್ಲ.

"ಅದನ್ನ ಬಿಚ್ಚಬ್ಯಾಡೋ ತಮ್ಮಾ," ಅಂದ ಬಸಯ್ಯ. "ಮುಂಜಾನೆ ಅಷ್ಟ ವಿಭೂತಿ ಹಚ್ಚೇನಿ."

"ವಿಭೂತಿ ಹೊರಗ ಐತಿ ಅಯ್ಯಾರ. ನಂಬರ್ ಒಳಗ ಐತಿ."

ಅಂದಪ್ಪ ಮುಚ್ಚಳ ಎತ್ತಿದ. ಒಳಗೆಲ್ಲ ಕೆಂಪು ಕಲ್ಲಿನ ದೂಳು ಕುಂಕುಮದ ಹಾಗೆ ಕೂತಿತ್ತು. ಇಳಕಲ್ಲಿನ ಈ ಕಚೇರಿ ಎಂದರೆ ಕಲ್ಲುಗಣಿಯಿಂದ ಅರ್ಧ ಮೈಲು ದೂರದ ಎರಡು ಕೋಣೆ. ಮೇಲೆ ತಗಡು. ಕೆಳಗೆ ಬಸಯ್ಯ. ಇಪ್ಪತ್ತೆರಡು ವರ್ಷ ಗಣಿಯ ಹಾಜರಿ ಕಾರಕೂನನಾಗಿದ್ದು, ಹೋದ ವರ್ಷ ಹದಿನೈದು ದಿವಸ ಬಾಗಲಕೋಟೆಯಲ್ಲಿ ತರಬೇತಿ ಪಡೆದು ಕಂಪ್ಯೂಟರ್ ಆಪರೇಟರ್ ಆದವನು. ಎರಡೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದ. ಆ ಎರಡು ಬೆರಳೂ ವಿಭೂತಿಯಿಂದ ಬೆಳ್ಳಗಿದ್ದವು.

ಬ್ರಷ್ಷಿನಿಂದ ದೂಳು ಸರಿಸಿ ಅಂದಪ್ಪ ಒಳಗಿನ ನಂಬರು ಬರೆದುಕೊಂಡ. ಕಂಪನಿಗೆ ನಾಲ್ಕು ಕಂಪ್ಯೂಟರು: ಬಾಗಲಕೋಟೆಯಲ್ಲಿ ಒಂದು, ಬಾದಾಮಿಯಲ್ಲಿ ಒಂದು, ಹುನಗುಂದದಲ್ಲಿ ಒಂದು, ಇಲ್ಲೊಂದು. ಒಂದರಿಂದ ಇನ್ನೊಂದಕ್ಕೆ ತಂತಿಯಿಲ್ಲ. ಇಳಕಲ್ಲಿನ ಯಂತ್ರದ ಹೊಟ್ಟೆಯಲ್ಲಿ ಏನಿದೆ ಎಂದು ಬಾಗಲಕೋಟೆಯಲ್ಲಿ ಕೂತವನಿಗೆ ತಿಳಿಯಬೇಕಾದರೆ ಯಾರಾದರೂ ಬಸ್ಸು ಹತ್ತಲೇಬೇಕು. ಅದಕ್ಕೆಂದು ಅಂದಪ್ಪ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದ. ತನ್ನ ಫ್ಲಾಪಿ ತುರುಕಿದರೆ ಅದು ಯಂತ್ರದ ಮೆಮೊರಿ ಎಷ್ಟು, ಡ್ರೈವು ಎಷ್ಟು, ಯಾವ ಪ್ರೋಗ್ರಾಂ ಇವೆ, ಯಾವ ಫೈಲು ಯಾವ ತಾರೀಖಿನಂದು ಬರೆದದ್ದು ಎಂದು ಓದಿ, ಯಾದಿ ಮಾಡಿ, ಅದೇ ಫ್ಲಾಪಿಯ ಮೇಲೆ ಇಳಿಸಿಕೊಳ್ಳುತ್ತಿತ್ತು. ಮೂರು ಊರು ಮುಗಿದಿದ್ದವು. ಇದು ನಾಲ್ಕನೆಯದು.

ಮೂರರಲ್ಲಿ ಏನೂ ಸಿಕ್ಕಿರಲಿಲ್ಲ. ಪತ್ರ ಟೈಪು ಮಾಡುವ ಪ್ರೋಗ್ರಾಂ ಒಂದನ್ನು ಖರೀದಿಸಿ ನಾಲ್ಕು ಕಡೆ ಓಡಿಸುತ್ತಿದ್ದಾರೆ ಎಂಬುದೊಂದು ಸಿಕ್ಕಿತ್ತು. ಅದಕ್ಕೆ ಯಾರೂ ಜೈಲಿಗೆ ಹೋಗುವುದಿಲ್ಲ.

ಜೈಲಿನಲ್ಲಿದ್ದವನು ಮಲಕಪ್ಪ. ಗುಡೂರಿನ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಅಂದಪ್ಪನ ಪಕ್ಕದಲ್ಲಿ ಕೂತವನು, ಈಗ ಗಣಿಯಲ್ಲಿ ಮದ್ದು ಹಚ್ಚುವ ಮೇಟ್. ಅಕ್ಟೋಬರ್ ಮೂರರಂದು ಎಚ್ಚರಿಕೆಯ ಸೀಟಿ ಊದದೆ ಬಂಡೆ ಹಾರಿಸಿದರು. ಶಾರವ್ವ, ರೋಷನಬಿ ಎಂಬ ಇಬ್ಬರು ಕಲ್ಲು ಒಡೆಯುವ ಹೆಂಗಸರು ಸತ್ತರು. ಕೈಯಿಂದ ಬರೆದ ಹಾಜರಿ ಪುಸ್ತಕ ಕಳೆದುಹೋಯಿತು ಎಂದು ಕಂಪನಿ ಹೇಳಿತು. ಪೊಲೀಸರಿಗೆ ಕೊಟ್ಟದ್ದು ಕಂಪ್ಯೂಟರಿನ ಹಾಳೆ. ಅದರಲ್ಲಿ ಆ ದಿನದ ಮೇಟ್ ಮಲಕಪ್ಪ, ಹಾಜರು. ಮಲಕಪ್ಪ ಮಾತ್ರ 'ನಾ ಅವತ್ತ ಇರಲಿಲ್ಲ' ಎನ್ನುತ್ತಾನೆ. ಹಾಗಾದರೆ ಯಾರಿದ್ದರು ಎಂದರೆ ಗೋಡೆ ನೋಡುತ್ತಾನೆ. ನಾಳೆ ಶುಕ್ರವಾರ ಹನ್ನೊಂದು ಗಂಟೆಗೆ ಹುನಗುಂದದ ಕೋರ್ಟಿನಲ್ಲಿ ಅವನ ಜಾಮೀನಿನ ಅರ್ಜಿ.

ಹೊರಗೆ ಬೇವಿನ ಗಿಡದ ಕೆಳಗೆ ಅವನ ಹೆಂಡತಿ ದುರಗವ್ವ ಕೂತಿದ್ದಳು. ತೊಡೆಯ ಮೇಲೆ ಏಳು ತಿಂಗಳ ಕೂಸು. ಅಂದಪ್ಪನನ್ನು ಹುಡುಕಿಕೊಂಡು ಬಾಗಲಕೋಟೆಗೆ ಬಂದು 'ಅವತ್ತ ನಾವಿಬ್ರೂ ಗುಡೂರಾಗ ಇದ್ವಿ ಅಣ್ಣಾ, ನಮ್ಮತ್ತಿಗೆ ಮೈಯಾಗ ಆರಾಮ ಇರಲಿಲ್ಲ' ಎಂದು ಹೇಳಿದವಳು ಅವಳೇ. ಇವತ್ತೂ ಹುನಗುಂದದಿಂದ ಅವನು ಹತ್ತಿದ ಬಸ್ಸಿಗೇ ಬಂದಿದ್ದಳು. ಬರಬೇಡ ಅಂದರೂ ಕೇಳಿರಲಿಲ್ಲ.

ಬಸಯ್ಯ ಕಿಟಕಿಯಲ್ಲಿ ಒಮ್ಮೆ ಇಣುಕಿ ನೋಡಿದ.

"ಆಕಿ ಯಾಕ ಬಂದಾಳ?"

"ಗಂಡ ಜೈಲಿನಾಗ ಅದಾನ. ಮನ್ಯಾಗ ಕುಂತು ಏನ ಮಾಡ್ತಾಳ್ರಿ?"

ಬಸಯ್ಯ ಕಿಟಕಿಯ ಒಂದು ಬಾಗಿಲು ಮುಚ್ಚಿದ. "ಬಿಸಲ ಬರ್ತೈತಿ," ಅಂದ. ಬಿಸಿಲು ಆ ಕಡೆ ಇರಲಿಲ್ಲ.

ಅಂದಪ್ಪ ಮುಚ್ಚಳ ಹಾಕಿ ಯಂತ್ರ ಚಾಲು ಮಾಡಿದ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಮೂಡಿದವು. ಮೊದಲ ಪ್ರಶ್ನೆ: ಇವತ್ತಿನ ತಾರೀಖು?

ಹುನಗುಂದದ ಯಂತ್ರ ಹೀಗೆ ಕೇಳುತ್ತಿರಲಿಲ್ಲ. ಅದರೊಳಗೆ ಬ್ಯಾಟರಿಯ ಗಡಿಯಾರವಿತ್ತು. ಇದರಲ್ಲಿ ಇಲ್ಲ. ಚಾಲು ಮಾಡಿದಾಗೊಮ್ಮೆ ಮನುಷ್ಯನೇ ತಾರೀಖು ಹೇಳಬೇಕು, ಹೇಳಿದ್ದನ್ನು ಅದು ನಂಬುತ್ತದೆ. ಆಮೇಲೆ ಬರೆದ ಪ್ರತಿಯೊಂದಕ್ಕೂ ಅದೇ ತಾರೀಖನ್ನು ಅಂಟಿಸುತ್ತದೆ. ನಡುವೆ ಬದಲು ಮಾಡಿ ಹೇಳಿದರೆ ಅದನ್ನೂ ನಂಬುತ್ತದೆ.

"ಇದಕ್ಕ ತಾರೀಖ ಯಾರ ಹಾಕ್ತಾರ್ರಿ ಅಯ್ಯಾರ?"

"ನಾನ. ಮತ್ಯಾರು? ಇದನ್ನ ಮುಟ್ಟಾಕ ಇಲ್ಲಿ ಎಲ್ಲಾರೂ ಅಂಜ್ತಾರ. ಮ್ಯಾನೇಜರ್ ಈರಪ್ಪಸಾಹೇಬ್ರು ಸೈತ ದೂರ ನಿಂತ ಮಾತಾಡ್ತಾರ, ಎತ್ತಿನಂಗ ಹಾಯ್ತೈತೇನೋ ಅನ್ನಾರಂಗ."

ಅಂದಪ್ಪ ಆ ಮಾತನ್ನು ಮನಸ್ಸಿನಲ್ಲಿ ಬರೆದುಕೊಂಡ.

ತಾರೀಖು ಹಾಕಿದ: ಎಂಟು, ಹನ್ನೆರಡು, ಎಂಬತ್ತೆಂಟು. ಪ್ರೋಗ್ರಾಂ ಓಡಿತು. ಮೆಮೊರಿ ಆರುನೂರಾ ನಲವತ್ತು ಕೆ. ಫ್ಲಾಪಿ ಡ್ರೈವು ಎರಡು. ಹಾರ್ಡ್ ಡಿಸ್ಕ್ ಇಲ್ಲ. ಪ್ರಿಂಟರ್ ಒಂದು, ರಿಬ್ಬನ್ ಸವೆದಿದೆ. ಹಾರ್ಡ್ ಡಿಸ್ಕ್ ಇಲ್ಲದ್ದರಿಂದ ಇಲ್ಲಿಯ ಎಲ್ಲ ಕೆಲಸ ಫ್ಲಾಪಿಗಳಲ್ಲೇ ಇತ್ತು. ತಗಡಿನ ಡಬ್ಬಿಯಲ್ಲಿ ಮೂವತ್ತೊಂದು ಫ್ಲಾಪಿ, ಪ್ರತಿಯೊಂದರ ಮೇಲೆ ಬಸಯ್ಯನ ಉರುಟು ಅಕ್ಷರದ ನಂಬರು.

ಒಂದೊಂದೇ ತುರುಕಿ ಓದಿಸತೊಡಗಿದ. ಮೂರನೆಯದಕ್ಕೆ ಬರುವಾಗ ಕೈ ನಿಂತಿತು.

"ಅಯ್ಯಾರ, ಎಲ್ಲಾದ್ರಾಗೂ ಮೊದಲನೇ ಫೈಲು ಶ್ರೀ ಅಂತ ಐತಲ್ರಿ? ಏನಿದು?"

"ಶ್ರೀ ಅಂದ್ರ ಶ್ರೀ. ಒಳಗ ಓಂ ನಮಃ ಶಿವಾಯ ಅಂತ ಐತಿ. ಇಂಗ್ಲಿಷಿನಾಗ ಬರದೇನಿ, ಇದಕ್ಕ ಕನ್ನಡ ಬರಂಗಿಲ್ಲ."

"ಎಲ್ಲಾದಕ್ಕೂ?"

"ಮತ್ತ? ಹೆಸರ ತಗೊಳ್ಳದ ಹೆಂಗ ಶುರು ಮಾಡ್ತಿ?" ಬಸಯ್ಯನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಲಗ್ನದ ಯಾದಿ ಇರಲಿ, ಕಿರಾಣಿ ಚೀಟಿ ಇರಲಿ, ನೆತ್ತಿ ಮ್ಯಾಲ ಶ್ರೀ ಹಾಕಬೇಕು. ಸತ್ತ ಸುದ್ದಿ ಕಾಗದಕ್ಕ ಅಷ್ಟ ಹಾಕಬಾರ್ದು. ಹಾಳಿ ಆದ್ರೇನು, ಈ ಕರೀ ತಗಡ ಆದ್ರೇನು? ಹೊಸಾದ ತಗದ ದಿನ ಮೊದಲ ಅದನ್ನ ಬರದ ಮುಂದಿಂದು."

"ಹದಿನೆಂಟು ಬೈಟ್ ಜಾಗ ತಿಂತೈತ್ರಿ ಅದು."

"ದೇವರಿಗೆ ಅಷ್ಟೂ ಕೊಡಂಗಿಲ್ಲೇನು ನಿನ್ನ ಲೆಕ್ಕದಾಗ?"

ಅಂದಪ್ಪ ನಕ್ಕ. ಬಸಯ್ಯನೂ ನಕ್ಕ. ಆ ಕೋಣೆಯಲ್ಲಿ ಅವತ್ತು ನಕ್ಕದ್ದು ಅದೇ ಕೊನೆ.

ಹದಿಮೂರನೆಯದು, ಏಪ್ರಿಲ್ ತಿಂಗಳ ಹಾಜರಿ. ಶ್ರೀ ಬರೆದದ್ದು ಏಪ್ರಿಲ್ ಒಂದು. ಹದಿನಾಲ್ಕು, ಮೇ ತಿಂಗಳು. ಶ್ರೀ, ಮೇ ಎರಡು. ಹದಿನೆಂಟು, ಸೆಪ್ಟೆಂಬರ್. ಶ್ರೀ, ಸೆಪ್ಟೆಂಬರ್ ಒಂದು.

ಹತ್ತೊಂಬತ್ತನೆಯದು, ಅಕ್ಟೋಬರ್.

ಉಳಿದವುಗಳ ಅಂಚು ಬೆರಳು ತಾಗಿ ತಾಗಿ ಕೆಂಪಾಗಿದ್ದವು. ಇದು ಅಂಗಡಿಯಿಂದ ಈಗ ತಂದ ಹಾಗಿತ್ತು. ಡ್ರೈವು ಗರಗರ ಅಂದಿತು. ಪರದೆಯ ಮೇಲೆ ಸಾಲುಗಳು ಬಿದ್ದವು.

ಮೊದಲ ಸಾಲು ಶ್ರೀ. ಹದಿನೆಂಟು ಬೈಟು. ತಾರೀಖು: ನವೆಂಬರ್ ಹದಿನಾಲ್ಕು.

ಅದರ ಕೆಳಗೆ ಅಕ್ಟೋಬರ್ ಒಂದರ ಹಾಜರಿ. ಅದರ ಕೆಳಗೆ ಅಕ್ಟೋಬರ್ ಮೂರರ ಹಾಜರಿ, ತಾರೀಖು ಅಕ್ಟೋಬರ್ ಮೂರು. ಹೀಗೆ ತಿಂಗಳ ಕೊನೆಯವರೆಗೆ.

ಅಂದಪ್ಪ ಎರಡು ಸಲ ಓದಿದ. ತಾಯಿ ನವೆಂಬರಿನಲ್ಲಿ ಹುಟ್ಟಿದ್ದಾಳೆ, ಮಕ್ಕಳು ಅಕ್ಟೋಬರಿನಲ್ಲಿ.

ಇಪ್ಪತ್ತನೆಯದು ತುರುಕಿದ. ಇಪ್ಪತ್ತೊಂದು. ಮೂವತ್ತೊಂದರವರೆಗೂ ಮುಗಿಸಿದ. ಯಾದಿಯನ್ನು ಪ್ರಿಂಟರಿನಲ್ಲಿ ತೆಗೆದ. ಸವೆದ ರಿಬ್ಬನ್ನಿನಲ್ಲಿ ಬೂದು ಬಣ್ಣದ ಅಕ್ಷರ, ಆದರೂ ಓದಲು ಬರುತ್ತಿತ್ತು. ಹಾಳೆ ಹರಿದು ಮೇಜಿನ ಮೇಲಿಟ್ಟು ಹತ್ತೊಂಬತ್ತರ ಮೊದಲ ಸಾಲಿಗೆ ಪೆನ್ನಿನಿಂದ ಗೆರೆ ಎಳೆದ.

"ಅಯ್ಯಾರ, ಪೊಲೀಸ್ರು ನಿಮ್ಮ ಕಡೆ ಹಾಜರಿ ಹಾಳಿ ಕೇಳಿದ್ದು ಯಾವತ್ತು?"

"ನವೆಂಬರ್ ಹದಿನೈದು."

"ಅದರ ಹಿಂದಿನ ದಿವಸ ಈ ಫ್ಲಾಪಿ ಹುಟ್ಟೇತಿ."

ಬಸಯ್ಯ ಹಾಳೆ ನೋಡಿದ. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡು ಮತ್ತೆ ನೋಡಿದ.

"ತಾರೀಖ ತಪ್ಪಿ ಹಾಕಿರಬೇಕು. ಕೈಲೆ ಹಾಕೂದಲ್ಲ?"

"ಶ್ರೀಗೆ ಅಷ್ಟ ತಪ್ಪಿ, ಕೆಳಗಿನ ಇಪ್ಪತ್ತಾರು ಫೈಲಿಗೆ ಸರಿಯಾಗಿ? ಹಳೇ ಫ್ಲಾಪಿಂದ ಇಪ್ಪತ್ತೈದು ದಿವಸದ ಹಾಜರಿ ನಕಲ ಮಾಡೀರಿ. ನಕಲ ಮಾಡಿದ್ರ ಹಳೇ ತಾರೀಖ ಹಂಗ ಬರ್ತೈತಿ. ಮೂರನೇ ತಾರೀಖಿಂದು ಒಂದು ಹೊಸಾದಾಗಿ ಟೈಪ್ ಮಾಡೀರಿ. ಅದಕ್ಕ ಮೊದಲ ಯಂತ್ರದ ತಾರೀಖ ತಿರುವಿ ಅಕ್ಟೋಬರ್ ಮೂರು ಮಾಡೀರಿ. ಆದ್ರ ಅದಕ್ಕೂ ಮೊದಲ ಶ್ರೀ ಬರದೀರಿ. ಆಗ ಖರೇ ತಾರೀಖ ಇತ್ತು."

ಬಸಯ್ಯ ತಗಡಿನ ಡಬ್ಬಿಯ ಮುಚ್ಚಳ ಹಾಕಿದ.

"ಮೊದಲ ತಾರೀಖ ತಿರುವಿ ಆಮ್ಯಾಲ ಶ್ರೀ ಬರದಿದ್ರ ನನಗ ಈ ಜನ್ಮದಾಗ ಗೊತ್ತಾಗತಿರಲಿಲ್ಲ, ಅಯ್ಯಾರ."

"ಅದ್ಹೆಂಗ ಬರೀತಿ?" ಬಸಯ್ಯನ ದನಿ ಏರಿತು. "ದೇವರ ಹೆಸರಿಗೆ ಸುಳ್ಳ ತಾರೀಖ ಹಾಕಾಕ ಬರ್ತೈತೇನು?"

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೆ ತಿಳಿಯಿತು. ಕುರ್ಚಿಯ ಮೇಲೆ ಕೂತ. ಯಂತ್ರದ ಫ್ಯಾನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು.

"ಹಳೇ ಫ್ಲಾಪಿದಾಗ ತಿದ್ದಿದ್ರ ಆಗತಿತ್ತಲ್ಲ? ಹೊಸಾದ ಯಾಕ ಬೇಕಾತು?" ಅಂದಪ್ಪ ಕೇಳಿದ.

"ಅದರಾಗ ಅಕ್ಟೋಬರ್ ಒಂದನೇ ತಾರೀಖಿನ ಶ್ರೀ ಇತ್ತು. ಖರೇ ಬರೀತೇನಂತ ಹಾಕಿದ ಶ್ರೀ. ಅದರ ಕೆಳಗ ಸುಳ್ಳ ಬರಿಯಾಕ ಮನಸ ಬರಲಿಲ್ಲ."

"ಹಳೇದು ಎಲ್ಲೈತಿ?"

"ಹೊಳಿಗೆ ಬಿಟ್ಟೆ. ಕೂಡಲಸಂಗಮದಾಗ. ಸುಡು ಅಂದ್ರು ಈರಪ್ಪಸಾಹೇಬ್ರು. ಹೆಸರ ಬರದದ್ದನ್ನ ಸುಡಬಾರ್ದು, ತುಳೀಬಾರ್ದು. ಹೊಳಿಗೆ ಬಿಡಬೇಕು. ಅರಿಷಿಣ ಕುಂಕುಮ ಹಚ್ಚಿ ಬಿಟ್ಟೆ."

ಅಂದಪ್ಪನಿಗೆ ಒಂದು ಕ್ಷಣ ಈ ಮನುಷ್ಯನ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ನಿರಪರಾಧಿಯೊಬ್ಬನ ಸಾಕ್ಷಿಯನ್ನು ಪೂಜೆ ಮಾಡಿ ಮುಳುಗಿಸಿದವನು ಇಲ್ಲಿ ಕೂತಿದ್ದಾನೆ, ಅಪಚಾರ ಮಾಡಲಿಲ್ಲ ಎಂಬ ಸಮಾಧಾನದಿಂದ.

"ದೇವರಿಗೆ ಅಂಜಿದ್ರಿ. ಮಲಕಪ್ಪಗ ಅಂಜಲಿಲ್ಲ."

"ಈರಪ್ಪಗ ಅಂಜಿದೆ. ನನಗ ಇನ್ನ ಆರ ವರ್ಷ ನೌಕರಿ ಐತಿ. ಬೆಳದ ಮಗಳ ಅದಾಳ. ನೀ ಆದ್ರ ಏನ ಮಾಡತಿದ್ದಿ?"

ಅಂದಪ್ಪ ಹಾಳೆಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದ.

"ಅವತ್ತ ಮದ್ದ ಹಚ್ಚಿದಾವ ಯಾರು? ಈರಪ್ಪನ ಅಳಿಯ ಅಲ್ಲೇನು?" ಮೂರು ಊರು ತಿರುಗಿ, ಬಸ್ಸಿನಲ್ಲಿ ಕೂತು ಕೂತು ಅವನು ಕಟ್ಟಿಕೊಂಡ ಹೆಸರು ಅದು. ಹುನಗುಂದದಲ್ಲಿ ಬುಲೆಟ್ ಮೋಟಾರ್‌ಸೈಕಲ್ ಮೇಲೆ ತಿರುಗುವ ಆ ಹುಡುಗನೇ ಇರಬೇಕು ಎಂದು ಅವನಿಗೆ ಆಸೆಯೂ ಇತ್ತು.

"ಅಂವಾ?" ಬಸಯ್ಯ ಮೂಗಿನಲ್ಲಿ ಸದ್ದು ಮಾಡಿದ. "ಅಂವಗ ಬೀಡಿ ಹಚ್ಚಾಕ ನಾಕ ಕಡ್ಡಿ ಬೇಕು. ಖಣಿ ಒಳಗ ಇಳದಾವಲ್ಲ ಅಂವ."

"ಮತ್ಯಾರು?"

"ಬ್ಯಾಡ ತಮ್ಮಾ. ಸುಳ್ಳ ಅಂತ ಗೊತ್ತಾತಲ್ಲ, ಅಷ್ಟ ಸಾಕು. ಹೊಂಟ ಹೋಗು."

"ಹಾಳಿ ಸುಳ್ಳು ಅಂತ ಹೇಳಿದ್ರ ನಾಳಿ ಜಡ್ಜ್ ಸಾಹೇಬ್ರು ಕೇಳೂ ಮೊದಲನೇ ಮಾತ ಅದ. ಖರೇ ಹಾಳಿದಾಗ ಯಾರ ಹೆಸರಿತ್ತು?"

ಬಸಯ್ಯ ಎದ್ದು ಹೋಗಿ ಕಿಟಕಿಯ ಎರಡನೆಯ ಬಾಗಿಲನ್ನೂ ಮುಚ್ಚಿದ. ಕೋಣೆಯಲ್ಲಿ ಹಸಿರು ಬೆಳಕು ಮಾತ್ರ ಉಳಿಯಿತು.

"ಖಣ್ಯಾಗ ಬದ್ಲಿ ಅಂತ ಒಂದ ಪದ್ಧತಿ ಐತಿ, ನಿನಗ ಗೊತ್ತಿಲ್ಲ," ಅಂದ. "ಒಂದ ದಿವಸ ಬರಲಿಲ್ಲಂದ್ರ ಜಾಗಾ ಇನ್ನೊಬ್ಬಗ ಹೋಗ್ತೈತಿ. ಅದಕ್ಕ ಮನ್ಯಾಗಿನ ಯಾರರೆ ಬಂದ ಅವನ ಜಾಗಾದಾಗ ನಿಲ್ತಾರ. ಅಣ್ಣನ ಬದ್ಲಿ ತಮ್ಮ, ಅಪ್ಪನ ಬದ್ಲಿ ಮಗ. ಕಲ್ಲ ಒಡಿಯಾಕ ಯಾರ ಬಂದ್ರೇನು? ನಡೀತಿತ್ತು. ಮೇಟ್ ಕೆಲಸಕ್ಕೂ ನಡೀತು. ಈರಪ್ಪ ನೋಡಿ ನೋಡದಂಗ ಇದ್ದ."

ಅಂದಪ್ಪ ಪ್ರಿಂಟರಿನ ಸ್ವಿಚ್ಚು ಆರಿಸಿದ.

"ಮಲಕಪ್ಪ ಗುಡೂರಿಗೆ ಹೋಗಿದ್ದು ಖರೆ. ತಾಯಿ ಹಾಸಿಗಿ ಹಿಡಿದಿದ್ಳು. ಒಬ್ಬನ ಹೋಗಿದ್ದ. ಮೂರನೇ ತಾರೀಖಿನ ಸಾಲು ನಾನ ಬರದಿದ್ದೆ. ಮಲಕಪ್ಪ, ಗೈರು. ಬದ್ಲಿ, ಹೆಂಡತಿ ದುರಗವ್ವ."

ಅಂದಪ್ಪನ ಮುಷ್ಟಿಯಲ್ಲಿ ಹಾಳೆ ಸಪ್ಪಳ ಮಾಡಿತು.

"ಆಕಿಗೆ ಕೆಲಸ ಬರತಿತ್ತು. ಗಂಡನ ಹಿಂದ ನಿಂತ ನೋಡಿ ನೋಡಿ ಕಲತಿದ್ಳು. ಅವತ್ತ ಬಾಗಲಕೋಟಿ ಲಾರಿ ಬಂದ ನಿಂತಿತ್ತು, ಬೇಗ ಹಚ್ಚು ಅಂತ ಈರಪ್ಪ ಬೆನ್ನ ಹತ್ತಿದ. ಸೀಟಿ ಎಲ್ಲಿತ್ತು? ಮಲಕಪ್ಪನ ಕಿಸೇದಾಗ ಗುಡೂರಿಗೆ ಹೋಗಿತ್ತು. ಬಾಯಿಲೆ ಒದರಿದ್ಳು ಪಾಪ. ಕಂಪ್ರೆಸರ್ ಸಪ್ಪಳದಾಗ ಯಾರಿಗೆ ಕೇಳಸ್ತೈತಿ? ಬಂಡೆಗಲ್ಲಿನ ಆಚೀಕ ಶಾರವ್ವ, ರೋಷನಬಿ ಬುತ್ತಿ ಬಿಚ್ಚಿ ಕುಂತಿದ್ರು. ದಿನಾ ದುರಗವ್ವನೂ ಸೇರಿ ಮೂವರೂ ಕೂಡೇ ಉಣ್ಣತಿದ್ರು."

"ಈರಪ್ಪ ಯಾಕ ಆಕಿ ಹೆಸರ ಅಳಿಸಿದ?"

"ಲೈಸನ್ಸ್ ಇಲ್ಲದ ಹೆಂಗಸಿನ ಕೈಯಾಗ ಮದ್ದ ಕೊಟ್ಟಿದ್ದಕ್ಕ ಮೊದಲ ಒಳಗ ಹೋಗಾವ ಅಂವ. ಮಲಕಪ್ಪನ ಹೆಸರ ಹಾಕಿದ್ರ ಕಂಪನಿ ಪಾರು."

"ಮಲಕಪ್ಪಗ ಗೊತ್ತೈತೇನು?"

"ಗೊತ್ತಿಲ್ಲದ ಇಷ್ಟ ದಿವಸ ಗ್ವಾಡಿ ನೋಡ್ಕೋತ ಕುಂತಾನೇನು?"

ಅಂದಪ್ಪ ಫ್ಲಾಪಿಯನ್ನು ಚೀಲಕ್ಕೆ ಹಾಕಿದ. ಸ್ಕ್ರೂ ಡ್ರೈವರ್ ಹಾಕಿದ. ಬ್ರಷ್ ಹಾಕಿದ. ಇನ್ನು ಹಾಕುವುದು ಏನೂ ಉಳಿಯಲಿಲ್ಲ.

"ನಾಳಿ ಕೋರ್ಟಿಗೆ ಬರ್ತೀರೇನು?"

"ಬಂದ್ರ ಎರಡ ಹೆಸರ ಹೇಳಬೇಕಾಕ್ಕೈತಿ," ಅಂದ ಬಸಯ್ಯ. "ಈರಪ್ಪ ವಕೀಲನ್ನ ಇಡ್ತಾನ. ಆಕಿ ಏನ ಇಡ್ತಾಳ?"

ಹೊರಗೆ ಬಂದಾಗ ಮಧ್ಯಾಹ್ನ ನಾಲ್ಕು ದಾಟಿತ್ತು. ಹುನಗುಂದದ ಬಸ್ಸಿಗೆ ಇನ್ನು ಹತ್ತು ನಿಮಿಷ. ದುರಗವ್ವ ದೂರದಿಂದಲೇ ಅವನ ಮುಖ ನೋಡಿ ಎದ್ದು ನಿಂತಳು.

"ಸಿಕ್ತೇನಣ್ಣಾ?"

"ಸಿಕ್ತು. ಮೂರನೇ ತಾರೀಖಿನ ಹಾಳಿ ಸುಳ್ಳು. ನವೆಂಬರಿನಾಗ ಮಾಡ್ಯಾರ."

"ನಾ ಹೇಳಲಿಲ್ಲೇನು? ಅಂವ ಅಲ್ಲಿ ಇರಲಿಲ್ಲಂತ ಕೋರ್ಟಿಗೆ ತಿಳದ್ರ ಸಾಕು. ನಾಳಿ ಬಿಡ್ತಾರ." ಅವಳ ಮುಖ ಅರಳಿತು. ಗಂಡ ಜೈಲಿಗೆ ಹೋದ ಮೇಲೆ ಅಂದಪ್ಪ ಅವಳ ಹಲ್ಲು ನೋಡಿದ್ದು ಅದೇ ಮೊದಲು.

"ಅಂವ ಇರಲಿಲ್ಲಂದ್ರ ಯಾರಿದ್ರು ಅಂತ ಕೇಳ್ತಾರ, ದುರಗವ್ವಾ."

ಅವಳು ಕೂಸನ್ನು ಎಡ ಬಗಲಿನಿಂದ ಬಲ ಬಗಲಿಗೆ ಹಾಕಿಕೊಂಡಳು. ಗಣಿಯ ಕಡೆ ನೋಡಿದಳು. ಮುಚ್ಚಿದ ಕಿಟಕಿಯ ಕಡೆ ನೋಡಿದಳು.

"ಅಯ್ಯಾರ್ನ ಕೇಳಿದೇನು ನೀ?"

"ಕೇಳಿದೆ."

"ಕೇಳಬಾರದಾಗಿತ್ತಣ್ಣಾ. ಸುಳ್ಳ ಅನ್ನೂದನ್ನ ಅಷ್ಟ ಹುಡಕು ಅಂದಿದ್ದೆ ನಾ."

ಬಯ್ಗುಳವಲ್ಲ, ಅಳುವೂ ಅಲ್ಲ. ಲೆಕ್ಕ ತಪ್ಪಿದವರು ಆಡುವ ಮಾತಿನ ಹಾಗಿತ್ತು. ತಪ್ಪು ತನ್ನದೂ ಹೌದು ಎಂದು ಅಂದಪ್ಪನಿಗೆ ಆಗ ತಿಳಿಯಿತು. ಈ ಹಾಳೆ ತನ್ನ ಮುಷ್ಟಿಯಲ್ಲೇ ಉಳಿದರೆ ಮಲಕಪ್ಪ ಒಳಗೆ. ಹಾಳೆ ಹೊರಗೆ ಬಂದರೆ ಇವಳು ಒಳಗೆ. ಎರಡರಲ್ಲಿ ಯಾವುದೇ ಆದರೂ ಈರಪ್ಪನಿಗೆ ಹೆಚ್ಚೆಂದರೆ ಒಂದು ವರ್ಷ ಕೋರ್ಟಿಗೆ ತಿರುಗುವ ಕೆಲಸ, ಅಷ್ಟೇ.

ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

"ಆ ಹಾಳಿ ಇತ್ತ ಕೊಡು," ಅಂದಳು ದುರಗವ್ವ.

"ಏನ ಮಾಡ್ತಿ?"

ಅವಳು ಕೈ ಚಾಚಿಕೊಂಡೇ ನಿಂತಳು. ಹರಿಯುತ್ತಾಳೋ, ಹುನಗುಂದಕ್ಕೆ ಒಯ್ಯುತ್ತಾಳೋ ಅವಳ ಮುಖದಿಂದ ತಿಳಿಯುವ ಹಾಗಿರಲಿಲ್ಲ. ಬಸ್ಸು ಬಂದು ನಿಂತಿತು. ಬಾಗಿಲು ಬಡಿದು ಕಂಡಕ್ಟರ್ ಒದರಿದ, "ಹತ್ತೂದ ಇದ್ರ ಹತ್ತ್ರಿ, ಇಲ್ಲಾಂದ್ರ ಬಿಡ್ರಿ!"

ಅಂದಪ್ಪ ಹಾಳೆ ಕೊಟ್ಟ.

ಡಿಸೆಂಬರ್ ಎಂಟರ ಸಂಜೆ ನಾಲ್ಕೂವರೆಯವರೆಗೆ ಹೋದದ್ದು ಇಷ್ಟು: ಜೀವ ಎರಡು. ಮಲಕಪ್ಪನ ಜೈಲಿನ ದಿವಸ ಇಪ್ಪತ್ತಮೂರು. ಹೊಳೆಯ ಪಾಲಾದ ಫ್ಲಾಪಿ ಒಂದು. ಶಾರವ್ವ, ರೋಷನಬಿ ಹೋದ ಮೇಲೆ ತಾಯಿ ಇಲ್ಲದಾದ ಮಕ್ಕಳು ಐದು.